ನಲವತ್ತೊಂದನೆಯ ಪೆಟ್ಟಿಗೆ

ಕಚೇರಿಯಲ್ಲಿ ಎಲ್ಲರೂ ಅವಳನ್ನು ನಂಬರಮ್ಮ ಎನ್ನುತ್ತಿದ್ದರು. ಮೊದಲು ಎದುರಿಗೆ ಮೇಡಂ, ಬೆನ್ನ ಹಿಂದೆ ನಂಬರಮ್ಮ. ಬರಬರುತ್ತಾ ಎದುರಿಗೂ ನಂಬರಮ್ಮನೇ. ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ. ವಕೀಲರ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಕಾಗದಗಳಿಗೆ ನಂಬರು ಒತ್ತುತ್ತಾ ಕೂತವಳನ್ನು ಇನ್ನೇನೆಂದು ಕರೆಯಬೇಕು? ಮುದ್ರೆ ಹಿಡಿದು ಹಿಡಿದು ಅವಳ ಬಲಗೈ ಹೆಬ್ಬೆರಳಿನ ಬುಡ ಜಡ್ಡುಗಟ್ಟಿತ್ತು. ಮನೆಯಲ್ಲಿ ಸಕ್ಕರೆ ಡಬ್ಬಿಗೂ ಬೇಳೆ ಡಬ್ಬಿಗೂ ನಂಬರು. ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಬಾಟಲಿ ತೊಳೆದಿಡುವ ಕೆಲಸದಲ್ಲಿದ್ದ ಗಂಡ, "ನನ್ನ ಬೆನ್ನಿಗೂ ಒಂದು ಒತ್ತಿಬಿಡೇ, ಎಲ್ಲಾದ್ರೂ ಕಳೆದುಹೋದ್ರೆ ವಾಪಸ್ ತಂದುಕೊಡ್ತಾರೆ" ಎಂದು ರೇಗಿಸುತ್ತಿದ್ದ.

ಕೋರ್ಟು ಎಂದರೆ ಕಟಕಟೆ, ಕೂಗಾಟ, ಮೇಜು ಗುದ್ದುವುದು ಎಂದುಕೊಂಡಿರುವವರಿಗೆ ಅವಳ ಕೆಲಸ ಅರ್ಥವಾಗುವುದಿಲ್ಲ. ಅದೆಲ್ಲ ಕೊನೆಯ ನಾಲ್ಕು ದಿನದ ಮಾತು. ಸಿವಿಲ್ ದಾವೆಯಲ್ಲಿ ಅದಕ್ಕೆ ಮೊದಲು ವರ್ಷಗಟ್ಟಲೆ ನಡೆಯುವುದು ಬರವಣಿಗೆ. ಈ ಕಡೆಯವರು ಆ ಕಡೆಯವರಿಗೆ ಪ್ರಶ್ನೆಗಳನ್ನು ಬರೆದು ಕಳಿಸುತ್ತಾರೆ. ಅವರು ಪ್ರಮಾಣ ಮಾಡಿ ಉತ್ತರ ಬರೆಯಬೇಕು. ನಿಮ್ಮಲ್ಲಿರುವ ಇಂತಿಂಥ ಕಾಗದ ತೋರಿಸಿ ಎಂದು ಪಟ್ಟಿ ಕಳಿಸುತ್ತಾರೆ, ತೋರಿಸಬೇಕು. ಯಾರೂ ಏನನ್ನೂ ಬಚ್ಚಿಟ್ಟುಕೊಳ್ಳದಿರಲಿ ಎಂಬುದು ಕಾನೂನಿನ ಆಸೆ. ಒಳ್ಳೆಯ ಆಸೆಯೇ. ಆದರೆ ಒಳ್ಳೆಯ ಆಸೆಗಳ ಪಕ್ಕದಲ್ಲೇ ಒಳದಾರಿ ಕೊರೆಯುವವರೂ ಇರುತ್ತಾರಲ್ಲ. ಅವಳ ಯಜಮಾನರಾದ ದೊಡ್ಡ ವಕೀಲರು ಅದರಲ್ಲಿ ಎತ್ತಿದ ಕೈ.

"ಇರೋ ಕಾಗದಾನ ಇಲ್ಲ ಅನ್ನಬಾರದು ನಂಬರಮ್ಮ, ಅದು ಸುಳ್ಳಾಗುತ್ತೆ," ಎನ್ನುತ್ತಿದ್ದರು ಅವರು, ಕನ್ನಡಕ ಒರೆಸುತ್ತಾ. "ಇದೆ ಅಂತ ಕೊಡಬೇಕು. ಒಂದು ಕೇಳಿದ್ರೆ ಹತ್ತು ಸಾವಿರ ಕೊಡಬೇಕು. ಹುಡುಕಿಕೊಳ್ಳೋದು ಅವರವರ ಹಣೆಬರಹ."

ಹತ್ತು ಸಾವಿರ ಹಾಳೆಗಳ ನಡುವೆ ಒಂದು ಹಾಳೆ ಕಣ್ಣಿಗೆ ಬೀಳದಂತೆ ಕೂರಿಸುವುದು ಸುಮ್ಮನೆ ಬರುವ ವಿದ್ಯೆಯಲ್ಲ. ತೀರ ಕಲಸಿಟ್ಟರೆ ನ್ಯಾಯಾಧೀಶರು ಸಿಟ್ಟಾಗುತ್ತಾರೆ. ತೀರ ಓರಣವಾಗಿಟ್ಟರೆ ಸಿಕ್ಕಿಬಿಡುತ್ತದೆ. ಹಾಳೆಯ ಗಾತ್ರ ನೋಡಿ, ಬಣ್ಣ ನೋಡಿ, ಅದನ್ನು ಹೋಲುವ ನೂರು ಹಾಳೆಗಳ ನಡುವೆ ಇಟ್ಟು, ಮೇಲೆ ನಂಬರು ಒತ್ತಿ, ಪಟ್ಟಿಯಲ್ಲಿ 'ಇತ್ಯಾದಿ' ಎಂದು ಬರೆಯಬೇಕು. ನಂಬರಮ್ಮನ ಪಟ್ಟಿಗಳಲ್ಲಿ ಆ 'ಇತ್ಯಾದಿ' ಎಷ್ಟು ಜನರ ಕೇಸುಗಳನ್ನು ನುಂಗಿತ್ತೋ ಅವಳಿಗೇ ಲೆಕ್ಕವಿರಲಿಲ್ಲ. ಅವಳು ಕೆಟ್ಟವಳಲ್ಲ. ಕೆಲಸ ಅಚ್ಚುಕಟ್ಟಾಗಿರಬೇಕು ಎನ್ನುವವಳು, ಅಷ್ಟೇ. ಆ ಕಡೆ ಕೂತು ಹುಡುಕುವವರ ಮುಖವನ್ನು ಅವಳು ಎಂದೂ ನೋಡಿರಲಿಲ್ಲ.

ನೋಡುವ ದಿನ ಬಂದದ್ದು ಕೋಲ್ಡ್ ಸ್ಟೋರೇಜ್ ಕಂಪನಿಯ ಕೇಸಿನಲ್ಲಿ. ಅಲ್ಲಿ ಕೆಲಸ ಮಾಡುತ್ತಿದ್ದ ಇಪ್ಪತ್ತನಾಲ್ಕು ವರ್ಷದ ಹುಡುಗನೊಬ್ಬ ಎರಡನೆಯ ಶೀತಲ ಕೋಣೆಯೊಳಗೆ ಸಿಕ್ಕಿಕೊಂಡು ಸತ್ತುಹೋಗಿದ್ದ. ಹಿಂದಿನಿಂದ ಬಾಗಿಲು ಮುಚ್ಚಿಕೊಂಡಿತ್ತು. ಒಳಗೆ ಗಂಟೆ ಬಾರಿಸುವ ಗುಂಡಿಯೊಂದಿತ್ತು. ಒತ್ತಿದರೆ ಹೊರಗೆ ಸದ್ದಾಗಬೇಕು. ಗಂಟೆ ಸರಿಯಾಗಿಯೇ ಇತ್ತು, ಹುಡುಗ ಒತ್ತಲಿಲ್ಲ, ಕೆಲಸದ ಹೊತ್ತಿನಲ್ಲಿ ಮೂಲೆಯಲ್ಲಿ ಮಲಗಿ ನಿದ್ದೆ ಹೋಗಿರಬೇಕು ಎಂದು ಕಂಪನಿ ಹೇಳಿತು. ಅವನ ತಾಯಿ ದಾವೆ ಹಾಕಿದಳು. ಆಕೆ ಬಟ್ಟೆ ಹೊಲಿದು ಬದುಕುವವಳು, ಗಂಡ ಇಲ್ಲ, ಇದ್ದವನೊಬ್ಬನೇ ಮಗ. ಆಕೆಗೆ ಪರಿಹಾರಕ್ಕಿಂತ ಹೆಚ್ಚಾಗಿ ಆ 'ನಿದ್ದೆ' ಎಂಬ ಮಾತು ಅಳಿಸಿಹೋಗಬೇಕಿತ್ತು.

ಬಡವರಿಗೆ ಉಚಿತವಾಗಿ ನೆರವಾಗುವ ಕೇಂದ್ರದ ವಕೀಲೆಯೊಬ್ಬಳು ತಾಯಿಯ ಪರವಾಗಿ ಪ್ರಶ್ನೆಗಳನ್ನು ಬರೆದು ಕಳಿಸಿದ್ದಳು. ಏಳನೆಯ ಪ್ರಶ್ನೆ ಹೀಗಿತ್ತು: ಎರಡನೆಯ ಕೋಣೆಯ ಗಂಟೆ ಕೆಟ್ಟಿದೆ ಎಂದು ಯಾರಾದರೂ, ಯಾವಾಗಲಾದರೂ ಕಂಪನಿಗೆ ತಿಳಿಸಿದ್ದರೇ? ಕಂಪನಿಯ ಪರವಾಗಿ ದೊಡ್ಡ ವಕೀಲರು ಉತ್ತರ ಬರೆಸಿದರು: ಇದಕ್ಕೆ ಉತ್ತರವು ಕಂಪನಿಯ ಕಾಗದಪತ್ರಗಳಿಂದ ತಿಳಿಯಬಹುದಾಗಿದ್ದು, ಅವೆಲ್ಲವನ್ನೂ ಪರಿಶೀಲನೆಗೆ ಇಡಲಾಗಿದೆ. ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.

ಕಾಗದಗಳನ್ನು ವಿಂಗಡಿಸುವಾಗ ನಂಬರಮ್ಮನಿಗೆ ರಿಪೇರಿ ಫೈಲಿನಲ್ಲಿ ಒಂದು ಅರ್ಧ ಹಾಳೆ ಸಿಕ್ಕಿತ್ತು. ನೀಲಿ ಶಾಯಿ, ನಾಲ್ಕು ಸಾಲು, ಕೆಳಗೆ ಸತ್ತ ಹುಡುಗನದೇ ಸಹಿ. ಅವನು ಸಾಯುವುದಕ್ಕೆ ಒಂಬತ್ತು ದಿನ ಮೊದಲಿನ ತಾರೀಕು. ಅವಳು ಅದನ್ನು ಒಯ್ದು ದೊಡ್ಡ ವಕೀಲರ ಮುಂದಿಟ್ಟಳು. ಅವರು ಎರಡು ಸಲ ಓದಿದರು. ಆಮೇಲೆ ಹಾಳೆಯನ್ನು ಬೆರಳಿನಿಂದ ಅಳೆಯುವವರಂತೆ ಹಿಡಿದು, "ಕ್ಯಾಂಟೀನಿನ ತರಕಾರಿ ಚೀಟಿಗಳೂ ಇದೇ ಅಳತೆ ಅಲ್ವಾ?" ಎಂದರು. ಅಷ್ಟೇ ಮಾತು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಗಂಡಹೆಂಡಿರಿಗೂ ಅದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಅವಳು ಅದನ್ನು ನಲವತ್ತೊಂದನೆಯ ಪೆಟ್ಟಿಗೆಯಲ್ಲಿ, ಆಲೂಗೆಡ್ಡೆ ಈರುಳ್ಳಿ ತರಿಸಿದ ಚೀಟಿಗಳ ನಡುವೆ ಇಟ್ಟು ನಂಬರು ಒತ್ತಿದಳು. ಪಟ್ಟಿಯಲ್ಲಿ 'ಕ್ಯಾಂಟೀನ್, ತರಕಾರಿ, ಇತ್ಯಾದಿ' ಎಂದು ಬರೆದಳು. ಒಟ್ಟು ಅರವತ್ತಮೂರು ಪೆಟ್ಟಿಗೆಗಳಾದವು.

ನ್ಯಾಯಾಧೀಶರು ಪರಿಶೀಲನೆಗೆ ಹನ್ನೆರಡು ದಿನ ಕೊಟ್ಟರು. ಪೆಟ್ಟಿಗೆಗಳು ಕಚೇರಿ ಬಿಟ್ಟು ಹೋಗುವಂತಿಲ್ಲ. ನೋಡುವವರು ಇಲ್ಲಿಗೇ ಬಂದು, ಕಚೇರಿಯವರೊಬ್ಬರ ಎದುರಿಗೆ ಕೂತು ನೋಡಬೇಕು. ಆ ಒಬ್ಬರು ನಂಬರಮ್ಮ. ನೆರವಿನ ಕೇಂದ್ರದ ವಕೀಲೆಗೆ ಮೈತುಂಬಾ ಕೇಸು, ಬಂದು ಕೂರಲು ಬಿಡುವಿಲ್ಲ. ಹಾಗಾಗಿ ಮೊದಲನೆಯ ದಿನ ಬೆಳಿಗ್ಗೆ ಹತ್ತಕ್ಕೆ ತಾಯಿಯೇ ಬಂದಳು. ಕೈಯಲ್ಲಿ ಬಟ್ಟೆಚೀಲ, ಅದರೊಳಗೆ ನೀರಿನ ಬಾಟಲಿ, ನೋಟ್‌ಬುಕ್ಕು, ಎರಡು ಕನ್ನಡಕ. ಕಚೇರಿಯ ಹುಡುಗಿಯರು ಮಧ್ಯಾಹ್ನದ ಹೊತ್ತಿಗೆ ಆಕೆಗೂ ಹೊಲಿಗೆಯಮ್ಮ ಎಂದು ಹೆಸರಿಟ್ಟಾಗಿತ್ತು.

ಕಿಟಕಿಯಿಲ್ಲದ ಕೋಣೆ, ಒಂದು ಟ್ಯೂಬ್‌ಲೈಟು, ಒಂದು ಮೇಜು, ಎರಡು ಕುರ್ಚಿ, ಗಾಜಿನ ಬಾಗಿಲು. ಹೊರಗೆ ಓಡಾಡುವವರೆಲ್ಲ ಒಳಗೆ ಕಣ್ಣು ಹಾಯಿಸಬಹುದು. ನಂಬರಮ್ಮ ಉಗ್ರಾಣದಿಂದ ಪೆಟ್ಟಿಗೆಗಳನ್ನು ಗಾಲಿಯ ಮೇಲೆ ತಳ್ಳಿಕೊಂಡು ಬರುವಳು, ಹೊಲಿಗೆಯಮ್ಮ ಒಂದೊಂದೇ ಹಾಳೆ ತಿರುವುವಳು. ಕಾಗದಗಳ ಬಗ್ಗೆ ಮಾತಾಡುವಂತಿಲ್ಲ ಎಂಬುದು ನಿಯಮ. ಬಾಯಿಗೆ ಬೀಗ ಹಾಕಿಕೊಂಡೇ ಬದುಕಿದವಳಿಗೆ ಅದೇನು ಕಷ್ಟ?

ಮೊದಲನೆಯ ದಿನ ಎರಡೇ ಪೆಟ್ಟಿಗೆ ಮುಗಿದವು. ಎರಡನೆಯ ದಿನವೂ ಎರಡೇ. ನಂಬರಮ್ಮ ಮನಸ್ಸಿನಲ್ಲೇ ಗುಣಿಸಿ ನೋಡಿದಳು. ಹೀಗಾದರೆ ನಲವತ್ತೊಂದು ತಲುಪುವುದೇ ಇಲ್ಲ. ಅವಳಿಗೆ ಮೊದಲು ಸಮಾಧಾನವಾಯಿತು. ಆ ಸಮಾಧಾನವನ್ನು ನೆನೆಸಿಕೊಂಡು ಅವಳು ಮುಂದೆ ಎಷ್ಟು ಸಲ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳೋ.

ಆಕೆ ನಿಧಾನವಾಗಿ ನೋಡುತ್ತಿದ್ದುದಕ್ಕೆ ಕಾರಣ ಮೂರನೆಯ ದಿನ ತಿಳಿಯಿತು. ಹಾಜರಿ ಹಾಳೆಯೊಂದರ ಮೇಲೆ ಬೆರಳಿಟ್ಟು ಹೊಲಿಗೆಯಮ್ಮ ಅಲ್ಲೇ ನಿಂತುಬಿಟ್ಟಿದ್ದಳು. ಅದರಲ್ಲಿ ಬೇಕಾದದ್ದೇನೂ ಇರಲಿಲ್ಲ. ಮಗನ ಸಹಿ ಇತ್ತು.

"ಬಾಲ ನೋಡಿ ಮೇಡಂ, ಸಹಿಗೆ," ಎಂದಳು ಆಕೆ. "ದಾರದ ಕೊನೆ ಕತ್ತರಿಸದೆ ಬಿಟ್ಟ ಹಾಗೆ. ಸ್ಕೂಲ್ ಕಾರ್ಡಿಗೆ ಸಹಿ ಬೇಕು ಅಂದಾಗ, ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣದಲ್ಲಿ ನಾನೇ ಕಲಿಸಿದ್ದು. ಬಾಲ ಮಾತ್ರ ಅವನದೇ."

ಆಮೇಲೆ ಅದೇ ಕೆಲಸವಾಯಿತು. ಎಲ್ಲೆಲ್ಲಿ ಮಗನ ಸಹಿ ಇದೆಯೋ ಅಲ್ಲೆಲ್ಲ ನಿಲ್ಲುವುದು, ನಂಬರು ಬರೆದುಕೊಳ್ಳುವುದು. ಟೀ ಕುಡಿದ ಲೆಕ್ಕಕ್ಕೆ ಸಹಿ, ಬೂಟು ಪಡೆದದ್ದಕ್ಕೆ ಸಹಿ. ಒಂದು ರಜಾ ಅರ್ಜಿ ಸಿಕ್ಕಿತು: ತಾಯಿಗೆ ಜ್ವರ, ಒಂದು ದಿನ ರಜೆ ಬೇಕು. ಹೊಲಿಗೆಯಮ್ಮ ಅದನ್ನು ಓದಿ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು.

"ಕಳ್ಳ! ಆ ವರ್ಷ ನನಗೆ ಜ್ವರಾನೇ ಬಂದಿಲ್ಲ. ಎಲ್ಲಿಗೆ ಹೋಗಿದ್ನೋ ಏನೋ. ಯಾವುದೋ ಹುಡುಗಿ ಇದ್ದಳೇನೋ." ನಗು ನಿಂತ ಮೇಲೂ ಆಕೆಯ ಕಣ್ಣು ಆ ಸಾಲಿನ ಮೇಲೇ ಇತ್ತು. "ಇದ್ದಿದ್ರೆ ಒಳ್ಳೇದೇ ಆಯ್ತು, ಅಲ್ವಾ? ಒಂದು ದಿನವಾದ್ರೂ ಖುಷಿಯಾಗಿದ್ದ."

ನಂಬರಮ್ಮ ನಿಯಮ ಮುರಿದು "ಹೌದಕ್ಕ" ಎಂದಳು. ಅಕ್ಕ ಎಂಬ ಮಾತು ಬಾಯಿಂದ ತಾನಾಗಿಯೇ ಬಂದುಬಿಟ್ಟಿತ್ತು. ಅಂದಿನಿಂದ ಆ ಕಡೆಯಿಂದಲೂ ಮೇಡಂ ಹೋಗಿ 'ನೀನು', 'ಕಣಮ್ಮ' ಬಂದವು. ಮಧ್ಯಾಹ್ನ ಇಬ್ಬರೂ ಮೇಜಿನ ಒಂದು ಮೂಲೆಯಲ್ಲಿ ಡಬ್ಬಿ ಬಿಚ್ಚಿದರು. ನಂಬರಮ್ಮನ ರವಿಕೆಯ ತೋಳು ಬಿಗಿಯಾಗಿದೆ, ಅಂಗಡಿಗೆ ತಂದುಕೊಟ್ಟರೆ ಸಡಿಲ ಮಾಡಿಕೊಡುತ್ತೇನೆ ಎಂದು ಹೊಲಿಗೆಯಮ್ಮ ಹೇಳಿದಳು. ಊಟ ಮಾಡುತ್ತಾ ಮಾಡುತ್ತಾ ನಂಬರಮ್ಮನಿಗೆ ಅನ್ನಿಸುತ್ತಿತ್ತು: ಇವಳು ಅವನ ಸಹಿಯ ಬಾಲವನ್ನು ಹೆಕ್ಕಿಕೊಳ್ಳುತ್ತಿದ್ದಾಳೆ. ಅವನ ಕೈಬರಹದ ನಾಲ್ಕು ಇಡೀ ಸಾಲುಗಳನ್ನು ನಾನು ಈರುಳ್ಳಿಯ ಕೆಳಗೆ ಹೂತಿಟ್ಟಿದ್ದೇನೆ.

ಏಳನೆಯ ದಿನ ಅವಳು, "ಅಕ್ಕ, ಸಹಿ ಆಮೇಲೆ ನೋಡಬಹುದು. ದಿನ ಕಮ್ಮಿ ಇದೆ, ಬೇಗ ಬೇಗ ತಿರುವಿ," ಎಂದಳು.

"ತಿರುವ್ತೀನಿ ಕಣಮ್ಮ. ಆದ್ರೆ ಇದರಲ್ಲೆಲ್ಲ ಅವನಿದ್ದಾನೆ. ಹೇಗೆ ಬಿಟ್ಟು ಹೋಗಲಿ?"

ಅಂದು ಸಂಜೆ ನಂಬರಮ್ಮ ಗಂಡನ ಮುಂದೆ, ಹೆಸರಿಲ್ಲದೆ ಕುಲವಿಲ್ಲದೆ, ಯಾರದೋ ಕಥೆಯೆಂಬಂತೆ ವಿಷಯ ಬಿಚ್ಚಿದಳು. ಅವನು ಚಪ್ಪಲಿಯ ಉಂಗುಷ್ಠಕ್ಕೆ ದಾರ ಹಾಕುತ್ತಾ ಕೂತಿದ್ದವನು ತಲೆಯೆತ್ತದೆಯೇ ಕೇಳಿಸಿಕೊಂಡ. "ಹೇಳಿದ್ರೆ ಆ ಹೆಂಗಸಿನ ಕೆಲಸ ಹೋಗುತ್ತಾ?" ಎಂದು ಕೇಳಿದ. ಹೋಗುತ್ತದೆ ಎಂದಳು. "ಹೇಳದಿದ್ರೆ?" ಅವಳು ಎದ್ದು ಒಲೆಯ ಮೇಲಿದ್ದ ಹಾಲು ಇಳಿಸಿದಳು. "ಯೋಚನೆ ಮಾಡೋಕೆ ಹೇಳು ಅವಳಿಗೆ," ಎಂದ ಅವನು, ಆ ಅವಳು ಯಾರೆಂದು ಗೊತ್ತಿಲ್ಲದವನಂತೆ.

ಯೋಚನೆ ಮಾಡುತ್ತಲೇ ನಾಲ್ಕು ದಿನ ಹೋದವು. ಹನ್ನೊಂದನೆಯ ದಿನದ ಕೊನೆಗೆ ಮೂವತ್ತು ಪೆಟ್ಟಿಗೆ ಮುಗಿದಿದ್ದವು. ಉಳಿದದ್ದು ಒಂದು ದಿನ. ಹನ್ನೆರಡನೆಯ ದಿನ ಬೆಳಿಗ್ಗೆ ನಂಬರಮ್ಮ ಉಗ್ರಾಣದಲ್ಲಿ ಮೂವತ್ತೊಂದರ ಮುಂದೆ ಒಂದು ಗಳಿಗೆ ನಿಂತಳು, ಅದನ್ನು ದಾಟಿ ಹೋಗಿ ನಲವತ್ತೊಂದನ್ನು ಎತ್ತಿ ಗಾಲಿಯ ಮೇಲಿಟ್ಟಳು. ಬಾಯಿ ಬಿಟ್ಟು ಹೇಳುವ ಧೈರ್ಯವಿಲ್ಲದವಳಿಗೆ ಅಷ್ಟು ಧೈರ್ಯ ಬಂದಿತ್ತು. ತಾನೇನೂ ಹೇಳಲಿಲ್ಲ, ಪೆಟ್ಟಿಗೆ ಮಾತ್ರ ತಂದೆ ಎಂದು ನಾಳೆ ಯಾರಾದರೂ ಕೇಳಿದರೆ ಹೇಳಬಹುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ನೋಡಿ, ಒಳ್ಳೆಯದು ಮಾಡಲು ಹೊರಟಾಗಲೂ ಕಚೇರಿಯ ಬುದ್ಧಿ ಬಿಡಲಿಲ್ಲ.

ಹೊಲಿಗೆಯಮ್ಮ ಪೆಟ್ಟಿಗೆಯ ಮೇಲಿನ ನಂಬರು ನೋಡಿದಳು. ತನ್ನ ಬಳಿಯಿದ್ದ ಪಟ್ಟಿ ನೋಡಿದಳು. ಮತ್ತೆ ಪೆಟ್ಟಿಗೆ ನೋಡಿದಳು.

"ಇದು ನಲವತ್ತೊಂದು ಕಣಮ್ಮ. ಮೂವತ್ತೊಂದು ಬರಬೇಕಿತ್ತು."

"ಇದನ್ನೇ ನೋಡಿ ಅಕ್ಕ. ಇವತ್ತು ಕೊನೇ ದಿನ."

"ಅದಕ್ಕೇ ಹೇಳ್ತಿರೋದು. ನಮ್ಮ ವಕೀಲಮ್ಮ ಏನು ಹೇಳಿದಾರೆ ಗೊತ್ತಾ? ಸರದಿ ತಪ್ಪಿಸೋಕೆ ಬಿಡಬೇಡಿ, ಎಲ್ಲಿ ತಪ್ಪಿಸ್ತಾರೋ ಅಲ್ಲೇ ಏನೋ ಇರುತ್ತೆ ಅಂತ." ಆಕೆ ಪಟ್ಟಿಯ ಮೇಲೆ ಬೆರಳಾಡಿಸಿದಳು. "ಮೂವತ್ತೊಂದು ಕೈಗವಸು. ಇದು ತರಕಾರಿ. ಕೈಗವಸಿಗಾದ್ರೆ ನನ್ನ ಮಗ ಸಹಿ ಹಾಕಿರ್ತಾನೆ. ತರಕಾರಿಗೆ ಯಾಕೆ ಹಾಕ್ತಾನೆ?"

ಈಗ ಹೇಳಿಬಿಡಬೇಕಿತ್ತು. ಒಂದೇ ಒಂದು ಮಾತು, 'ಹಾಕಿದ್ದಾನೆ' ಎಂದರೆ ಸಾಕಿತ್ತು. ಅದು ನಾಲಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಗಾಜಿನ ಬಾಗಿಲು ತೆರೆಯಿತು. ಕೊನೆಯ ದಿನವೆಂದು ದೊಡ್ಡ ವಕೀಲರು ಸೌಜನ್ಯಕ್ಕೆ ವಿಚಾರಿಸಲು ಬಂದಿದ್ದರು.

"ಎಲ್ಲ ಅನುಕೂಲವಾಗಿದೆ ತಾನೇ ಅಮ್ಮ? ನಮ್ಮವರಿಂದ ತೊಂದರೆ ಏನಿಲ್ಲವಲ್ಲ?"

"ಇಲ್ಲ ಸಾರ್, ತುಂಬಾ ಚೆನ್ನಾಗಿ ನೋಡಿಕೊಂಡ್ರು," ಎಂದಳು ಹೊಲಿಗೆಯಮ್ಮ, ಕುರ್ಚಿಯಿಂದ ಅರ್ಧ ಎದ್ದು. "ಇವತ್ತು ಮಾತ್ರ ಮೂವತ್ತೊಂದು ಬಿಟ್ಟು ನಲವತ್ತೊಂದು ತಂದುಬಿಟ್ಟಿದ್ದಾರೆ. ಪಾಪ, ಕಣ್ತಪ್ಪಿರಬೇಕು."

ದೊಡ್ಡ ವಕೀಲರು ಪೆಟ್ಟಿಗೆಯ ಕಡೆ ನೋಡಿದರು. ಆಮೇಲೆ ನಂಬರಮ್ಮನ ಕಡೆ ನೋಡಿದರು. ಅವರು ಸಿಟ್ಟಾಗಲಿಲ್ಲ, ದನಿ ಏರಿಸಲಿಲ್ಲ. "ತಪ್ಪಾಗಿದೆ ಅಮ್ಮ, ಕ್ಷಮಿಸಿ. ನೀವು ಕೇಳಿದ್ದನ್ನೇ ಕೊಡ್ತಾರೆ. ನಂಬರಮ್ಮ, ದಿನಚರಿ ಪುಸ್ತಕ ತನ್ನಿ. ಇದನ್ನ ಬರೆದಿಟ್ಟುಬಿಡೋಣ, ನಾಳೆ ಅಮ್ಮನಿಗೆ ಅನ್ಯಾಯ ಆಯ್ತು ಅಂತ ಯಾರೂ ಹೇಳಬಾರದು."

ಅವರು ಹೇಳಿದರು, ಅವಳು ಬರೆದಳು. 'ಇಂದು ನಲವತ್ತೊಂದನೆಯ ಪೆಟ್ಟಿಗೆಯನ್ನು ಪರಿಶೀಲನೆಗಾಗಿ ವಾದಿಯ ಮುಂದೆ ಇಡಲಾಯಿತು. ವಾದಿಯು ಅದನ್ನು ನೋಡಲು ಇಚ್ಛಿಸದೆ ಹಿಂದಿರುಗಿಸಿ, ಮೂವತ್ತೊಂದನೆಯದನ್ನು ಕೇಳಿ ಪಡೆದಿರುತ್ತಾರೆ.' ಅವಳ ಅಕ್ಷರ ಯಾವತ್ತಿನಂತೆ ದುಂಡಗಿತ್ತು. ಹೊಲಿಗೆಯಮ್ಮ ಓದಿ ನೋಡಿ, ನಡೆದದ್ದನ್ನೇ ಬರೆದಿದ್ದಾರೆ ಎಂದು ತಲೆಯಾಡಿಸಿ, ಸಹಿ ಹಾಕಿದಳು. ತನ್ನ ಮಾತಿಗೆ ಇಷ್ಟು ಬೆಲೆ ಕೊಟ್ಟರಲ್ಲ ಎಂದು ಆಕೆಗೆ ಸಂತೋಷವೂ ಆಗಿತ್ತು.

ಹೊರಗೆ ಬಂದ ಮೇಲೆ ದೊಡ್ಡ ವಕೀಲರು ನಂಬರಮ್ಮನಿಗೆ ಒಂದೇ ಮಾತು ಹೇಳಿದರು. "ವಯಸ್ಸಾಯ್ತು ನಿಮಗೆ. ನಂಬರು ತಪ್ತಾ ಇದೆ."

ಮೂವತ್ತೊಂದನೆಯ ಪೆಟ್ಟಿಗೆಯಲ್ಲಿ ಮಗನ ಸಹಿಗಳು ಮೂವತ್ತೆಂಟು ಇದ್ದವು. ಹೊಲಿಗೆಯಮ್ಮನಿಗೆ ಅಷ್ಟು ಒಟ್ಟಿಗೆ ಎಂದೂ ಸಿಕ್ಕಿರಲಿಲ್ಲ. ಅದೊಂದರಲ್ಲೇ ಇಡೀ ದಿನ ಕಳೆಯಿತು. ಎಲ್ಲ ಚೀಟಿಯಲ್ಲೂ ದೊಡ್ಡ ಅಳತೆಯ ಕೈಗವಸೇ ಬೇಕೆಂದು ಬರೆದಿದ್ದ. ಅವನ ಕೈ ಅಪ್ಪನ ಕೈಯಂತೆ ದೊಡ್ಡದು ಎಂದು ಆಕೆ ತನ್ನ ಅಂಗೈ ಅಗಲಿಸಿ ತೋರಿಸಿದಳು. ಐದು ಗಂಟೆಗೆ ನೋಟ್‌ಬುಕ್ಕು, ಕನ್ನಡಕಗಳನ್ನು ಚೀಲಕ್ಕೆ ಹಾಕಿಕೊಂಡು, ನಂಬರಮ್ಮನ ಎರಡೂ ಕೈ ಹಿಡಿದುಕೊಂಡು, "ಬೇಕಾದ ಕಾಗದ ಸಿಗಲಿಲ್ಲ ಕಣಮ್ಮ. ಆದ್ರೆ ಹನ್ನೆರಡು ದಿನ ಅವನ ಜೊತೆ ಇದ್ದ ಹಾಗಾಯ್ತು," ಎಂದು ಹೇಳಿ ಹೋದಳು. ನಂಬರಮ್ಮ ಬಚ್ಚಲುಮನೆಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿ ಅತ್ತಳು.

ಅತ್ತರೆ ಆಗುವುದೇನು? ಎದ್ದು ಹೋಗಿ ಹೇಳಬಹುದಿತ್ತು. ಆ ಸಂಜೆ ಹೇಳಬಹುದಿತ್ತು, ಮಾರನೆಯ ದಿನ ಹೇಳಬಹುದಿತ್ತು, ವಿಚಾರಣೆ ಶುರುವಾಗುವವರೆಗೂ ದಿನಗಳಿದ್ದವು. ಹೆದರಿಕೆಯೊಂದೇ ಕಾರಣವಾಗಿದ್ದರೆ ಕ್ಷಮಿಸಿಬಿಡಬಹುದಿತ್ತೇನೋ. ಹೇಳದಿರುವುದು ಅವಳಿಗೆ ಉಸಿರಾಟದಷ್ಟು ರೂಢಿಯಾಗಿತ್ತು. ಇವತ್ತು ಬೇಡ, ನಾಳೆ. ನಾಳೆ ಬೇಡ, ಸೋಮವಾರ. ಹೀಗೆ ದಿನ ದೂಡುತ್ತಿರುವಾಗಲೇ ತೀರ್ಪು ಬಂತು. ಗಂಟೆ ಕೆಟ್ಟಿತ್ತೆಂದು ತೋರಿಸುವ ಒಂದು ತುಂಡು ಕಾಗದವೂ ಇಲ್ಲ, ಮೃತನೇ ಎಚ್ಚರಿಕೆ ತಪ್ಪಿ ನಿದ್ರಿಸಿರಬಹುದು ಎಂದು ಬರೆದು ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ಮೇಲ್ಮನವಿಯ ಗಡುವೂ ದಾಟಿತು.

ಕೇಸು ಮುಗಿದ ಮೇಲೆ ಪೆಟ್ಟಿಗೆಗಳು ಕಂಪನಿಗೆ ಹಿಂದಿರುಗಬೇಕು. ಅಲ್ಲಿ ಅವುಗಳನ್ನು ಯಂತ್ರಕ್ಕೆ ಕೊಟ್ಟು ಚೂರು ಮಾಡುತ್ತಾರೆ. ಲಾರಿ ಬರುವ ದಿನ ಬೆಳಿಗ್ಗೆ ನಂಬರಮ್ಮ ನಲವತ್ತೊಂದನ್ನು ಬಿಚ್ಚಿ, ಆ ಅರ್ಧ ಹಾಳೆಯನ್ನು ತೆಗೆದು ರವಿಕೆಯೊಳಗೆ ಇಟ್ಟುಕೊಂಡಳು. ಕಚೇರಿಯಿಂದ ಒಂದು ಗುಂಡುಸೂಜಿಯನ್ನೂ ಮನೆಗೆ ಒಯ್ಯದವಳು ಅವಳು. ರಾಜೀನಾಮೆ ಪತ್ರವನ್ನು ದೊಡ್ಡ ವಕೀಲರ ಮೇಜಿನ ಮೇಲಿಟ್ಟಳು. ಅವರು ಓದಿ, "ಆ ದಿನಚರಿ ಪುಸ್ತಕ ನಮ್ಮಲ್ಲೇ ಇದೆ, ನೆನಪಿರಲಿ," ಎಂದರು. ಅವಳಿಗೆ ನೆನಪಿತ್ತು. ಈಗ ಆ ಹಾಳೆಯನ್ನು ಕೋರ್ಟಿಗೆ ಒಯ್ದರೂ ಪ್ರಯೋಜನವಿಲ್ಲವೆಂದು ಯಾವ ವಕೀಲರಿಗಿಂತಲೂ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಮುಂದೆ ತಂದಿಟ್ಟಾಗ ಬೇಡವೆಂದು ಸಹಿ ಮಾಡಿದವರಿಗೆ, ಬಚ್ಚಿಟ್ಟಿದ್ದರು ಎನ್ನುವ ಹಕ್ಕಿಲ್ಲ. ಆದರೂ ಮಗನ ಅಕ್ಷರ ತಾಯಿಗೆ ಸೇರಲಿ, ಆಕೆ ಬಯ್ಯಲಿ, ಹೊಡೆಯಲಿ, ಅದಕ್ಕೆ ತಾನು ಯೋಗ್ಯಳೇ ಎಂದುಕೊಂಡು ಹೊರಟಳು.

ಹೊಲಿಗೆಯಮ್ಮನ ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಒಂದು ಯಂತ್ರ, ಗೋಡೆಗೆ ಹೊಡೆದ ಮೊಳೆಗಳಲ್ಲಿ ನೇತಾಡುವ ಅರ್ಧ ಹೊಲಿದ ಬಟ್ಟೆಗಳು, ನೆಲದ ತುಂಬ ಚಿಂದಿ. ಮಧ್ಯಾಹ್ನದ ಬಿಸಿಲು ಮೊದಲನೆಯ ಮೆಟ್ಟಿಲವರೆಗೆ ಬಂದಿತ್ತು. ಆಕೆ ಇವಳನ್ನು ಕಂಡು ಯಂತ್ರ ನಿಲ್ಲಿಸಿ, "ಬಾ ಬಾ, ರವಿಕೆ ತಂದ್ಯಾ?" ಎಂದಳು.

ನಂಬರಮ್ಮ ಹಾಳೆಯನ್ನು ಕೊಟ್ಟಳು. ಏನು ಎತ್ತ ಎಂದು ಹೇಳಬೇಕಾಗಿ ಬರಲಿಲ್ಲ. ಹೊಲಿಗೆಯಮ್ಮ ಅಕ್ಷರ ನೋಡಿದೊಡನೆ ಗುರುತು ಹಿಡಿದು, ಕನ್ನಡಕ ಬದಲಿಸಿ, ಬೆರಳಿಟ್ಟು ಗಟ್ಟಿಯಾಗಿ ಓದಿದಳು.

"ಎರಡನೇ ಕೋಣೆಯ ಗಂಟೆ ಒಳಗಿಂದ ಒತ್ತಿದರೆ ಹೊರಗೆ ಕೇಳಿಸುವುದಿಲ್ಲ. ಸೋಮವಾರ ಹೇಳಿದ್ದೆ, ಗುರುವಾರವೂ ಹೇಳಿದೆ. ಯಾರಾದರೂ ಒಳಗೆ ಸಿಕ್ಕಿಕೊಂಡರೆ ಎಷ್ಟು ಒತ್ತಿದರೂ ಗೊತ್ತಾಗುವುದಿಲ್ಲ. ದಯವಿಟ್ಟು ಬೇಗ ಸರಿ ಮಾಡಿಸಿ."

ಕೊನೆಯ ಸಾಲು ಮುಗಿದ ಮೇಲೂ ಬೆರಳು ಹಾಳೆಯ ಮೇಲೇ ಇತ್ತು. "ಮಲಗಿರಲಿಲ್ಲ," ಎಂದಳು ಆಕೆ. "ನಾನು ಹೇಳಿರಲಿಲ್ವಾ? ನನ್ನ ಮಗ ಮಲಗಿರಲಿಲ್ಲ. ಒತ್ತಿದಾನೆ. ಒತ್ತುತ್ತಾನೇ ಇದ್ದಾನೆ." ಮುಖದಲ್ಲಿ ಬೆಳಕೇ ಬಂದಂತಿತ್ತು. ನಂಬರಮ್ಮ ನೆಲದ ಚಿಂದಿಯ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿದಳು. ತಾನೇ ವಿಂಗಡಿಸಿದ್ದು, ತಾನೇ ಇಟ್ಟದ್ದು, ಹನ್ನೆರಡು ದಿನವೂ ಗೊತ್ತಿದ್ದೂ ಎದುರಿಗೆ ಕೂತು ಊಟ ಮಾಡಿದ್ದು. ಹೊಲಿಗೆಯಮ್ಮ ಕೇಳಿಸಿಕೊಂಡಳು. ಬಯ್ಯಲಿಲ್ಲ.

"ಯಾವ ಪೆಟ್ಟಿಗೇಲಿತ್ತು ಇದು?"

ಈ ಪ್ರಶ್ನೆಗೆ ಮಾತ್ರ ನಂಬರಮ್ಮ ಸಿದ್ಧಳಾಗಿ ಬಂದಿರಲಿಲ್ಲ. ಬೈಗುಳಕ್ಕೆ ಬಂದಿದ್ದಳು, ಹೊಡೆತಕ್ಕೆ ಬಂದಿದ್ದಳು. ಯಾವುದೋ ಒಂದು ಸಂಖ್ಯೆ ಹೇಳಿಬಿಡಬಹುದಿತ್ತು. ಐವತ್ತೆಂಟು ಎಂದಿದ್ದರೆ ಆಗುತ್ತಿತ್ತು. ಆದರೆ ಇನ್ನು ಈಕೆಗೆ ಏನನ್ನೂ ಮುಚ್ಚಿಡುವುದಿಲ್ಲ ಎಂದು ಆಣೆ ಮಾಡಿಕೊಂಡು ಬಂದಿದ್ದಳು, ಆ ಮೂರ್ಖಳು.

"ನಲವತ್ತೊಂದರಲ್ಲಿ, ಅಕ್ಕ."

ಹೊಲಿಗೆಯಮ್ಮ ಕನ್ನಡಕ ತೆಗೆದಳು. "ತರಕಾರಿ," ಎಂದಳು. ಆಮೇಲೆ, "ಕೊನೇ ದಿನ ನೀನು ತಂದು ನನ್ನ ಮುಂದೆ ಇಟ್ಟಿದ್ದೆ."

"ತಪ್ಪು ನನ್ನದು ಅಕ್ಕ. ಬಾಯಿ ಬಿಟ್ಟು ಹೇಳಬೇಕಿತ್ತು ನಾನು. ನಿಮ್ಮದೇನೂ..."

"ನಾನೇ ಬೇಡ ಅಂದೆ. ಸಹಿ ಬೇರೆ ಹಾಕಿದೆ. ಕೈಗವಸು ತನ್ನಿ ಅಂದೆ." ಆಕೆಯ ದನಿ ಏರಲಿಲ್ಲ, ನಿಧಾನವಾಯಿತು. "ಇದು ಬರೋ ತನಕ ನಾನು ಸೋತಿದ್ದೆ ಅಷ್ಟೇ ಕಣಮ್ಮ. ದೊಡ್ಡವರು ಸೋಲಿಸಿದ್ರು ಅಂದುಕೊಂಡು ಹೇಗೋ ಇದ್ದೆ. ಈಗ ನೋಡು, ಅವನು ಬಂದು ಎದುರಿಗೆ ನಿಂತ, ನಾನೇ ವಾಪಸ್ ಕಳಿಸಿದೆ. ನಿನ್ನ ತಪ್ಪು ನೀನು ಇಳಿಸಿಕೊಂಡೆ. ಇದನ್ನ ನಾನು ಯಾರ ಹತ್ರ ಹೋಗಿ ಇಳಿಸಲಿ?"

ನಂಬರಮ್ಮ ಏನು ಮಾಡುತ್ತಿದ್ದೇನೆಂದು ತಿಳಿಯದೆ ಹಾಳೆಯ ಕಡೆ ಕೈ ಚಾಚಿದಳು, ಅದನ್ನು ಹಿಂದಕ್ಕೆ ಪಡೆದರೆ ಎಲ್ಲವೂ ಹಿಂದಕ್ಕೆ ಹೋದೀತೇನೋ ಎಂಬಂತೆ. ಹೊಲಿಗೆಯಮ್ಮ ಹಾಳೆಯನ್ನು ಎದೆಗೆ ಒತ್ತಿಕೊಂಡಳು.

"ಮುಟ್ಟಬೇಡ. ಹೋಗು ನೀನು."

ಅವಳು ಎದ್ದು, ಚಪ್ಪಲಿ ಹಾಕಿಕೊಂಡು, ಬೀದಿಗಿಳಿದಳು. ಹಿಂದಿನಿಂದ ಯಂತ್ರದ ಸದ್ದು ಮತ್ತೆ ಶುರುವಾಗುತ್ತದೇನೋ ಎಂದು ಕಿವಿಗೊಟ್ಟಳು. ಶುರುವಾಗಲಿಲ್ಲ. ಎರಡನೇ ಕೋಣೆಯ ಗಂಟೆ ಒಳಗಿಂದ ಒತ್ತಿದರೆ, ಎಂದು ಆಕೆ ಮೊದಲಿನಿಂದ ಓದುತ್ತಿರುವುದು ತಿರುವಿನವರೆಗೂ ಕೇಳಿಸಿತು.